ಕಿಡಿ ನೋಡುವ ಪೆಟ್ಟಿಗೆ

ಆರಿಸುವ ಕೆಲಸ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ, ಕೆಲವರಿಗೆ ಕೂದಲು ನರೆತರೂ ಬರುವುದಿಲ್ಲ. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಶಹಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತೆನೆಂದರೆ ಒಂದೊಂದನ್ನೂ ತೊಟ್ಟು ಹಿಡಿದು ಬೆಳಕಿಗೆ ಎತ್ತುತ್ತೇನೆ, ತೂತು ಇದೆಯೇ ಎಂದು ತಿರುಗಿಸುತ್ತೇನೆ, ಕೆಳಗಿಡುತ್ತೇನೆ, ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಎತ್ತಿಕೊಳ್ಳುತ್ತೇನೆ. ಮಾರುವ ಮುದುಕಿ ತನ್ನ ತಾಳ್ಮೆಯೆಲ್ಲ ಮುಗಿದ ಮೇಲೆ, "ತಮ್ಮಾ, ಬದನಿಕಾಯಿ ಒಯ್ಯಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?" ಎಂದು ಕೇಳಿದ್ದುಂಟು. ಅಷ್ಟೆಲ್ಲ ಮಾಡಿ ತಂದ ಕಾಯಿಯನ್ನು ಮನೆಯಲ್ಲಿ ಹೋಳು ಮಾಡಿದರೆ ಒಳಗೊಂದು ಹುಳ ನೆಮ್ಮದಿಯಾಗಿ ಮಲಗಿರುತ್ತದೆ. ನನ್ನ ಹೆಂಡತಿ ನೀಲಮ್ಮ ಅದನ್ನು ಚಾಕುವಿನ ತುದಿಯಲ್ಲಿ ಎತ್ತಿ ತೋರಿಸಿ, "ಹುಳಾನೂ ನಿಮ್ಹಂಗ ಆರಿಸೇ ಕುಂತದ ನೋಡ್ರಿ" ಎನ್ನುತ್ತಾಳೆ. ನಾನು ಉಳಿದ ಹೋಳುಗಳನ್ನು ನೀರಿಗೆ ಹಾಕುತ್ತೇನೆ. ಮಾತಾಡಿದರೆ ಮುಂದಿನ ವಾರವೂ ಸಂತೆಗೆ ನಾನೇ ಹೋಗಬೇಕಾಗುತ್ತದೆ.

ಇಂಥ ಮನುಷ್ಯನಿಗೆ ದೇವರು ತಕ್ಕ ಉದ್ಯೋಗವನ್ನೇ ಕೊಟ್ಟಿದ್ದಾನೆ. ನಾನು ಕಾಲುವೆ ಆಫೀಸಿನ ಸ್ಟೋರ್ ಕೀಪರ್. ಇಲ್ಲಿ ಆರಿಸುವ ಪ್ರಸಂಗವೇ ಇಲ್ಲ. ಬಂದದ್ದನ್ನು ಇಟ್ಟುಕೊಳ್ಳಬೇಕು, ಕೇಳಿದವರಿಗೆ ಕೊಡಬೇಕು, ಕೊಟ್ಟದ್ದು ಮರಳಿ ಬಂದರೆ ಒರೆಸಿ ಇಡಬೇಕು. ಸಲಿಕೆ, ಗುದ್ದಲಿ, ಹಗ್ಗ, ಅಳತೆಯ ಸರಪಳಿ, ತೂಬಿನ ಗೇಟಿಗೆ ಹಚ್ಚುವ ಗ್ರೀಸು, ಇವುಗಳ ನಡುವೆ ನನ್ನ ಅರ್ಧ ಆಯುಷ್ಯ ಕಳೆದಿದೆ. ಯುಗಾದಿಗೆ ಹೊಸ ಅಂಗಿ ತೊಟ್ಟರೂ ಮಧ್ಯಾಹ್ನದ ಹೊತ್ತಿಗೆ ಅದರಿಂದ ಗ್ರೀಸಿನ ವಾಸನೆ ಬರುತ್ತದೆ. ಯಾವ ಮೊಳೆ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿ ಕೈಯಾಡಿಸಿ ಹೇಳಬಲ್ಲೆ. ಇಷ್ಟು ಬಿಟ್ಟರೆ ನನ್ನಿಂದ ಲೋಕ ಏನನ್ನೂ ಬಯಸಿರಲಿಲ್ಲ, ನಾನೂ ಲೋಕಕ್ಕೆ ಏನನ್ನೂ ಕೊಡುತ್ತೇನೆಂದು ಹೇಳಿರಲಿಲ್ಲ. ಈ ಒಪ್ಪಂದವನ್ನು ಕೆಡಿಸಿದ್ದು ಎರಡು ಹಳೆಯ ಮೋಟಾರುಗಳು.

ಕಾಲುವೆ ಕಟ್ಟುವ ಕಾಲಕ್ಕೆ ಕೃಷ್ಣೆಯ ನೀರನ್ನು ಅಳೆಯಲು ದೋಣಿ ಬೇಕಾಗಿತ್ತು. ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸಿ, ಹಗ್ಗ ಎಳೆದು ಹತ್ತಿಸುವ ಪರದೇಶದ ಮೋಟಾರುಗಳನ್ನು ಆಗ ತರಿಸಿದ್ದರು. ಕಾಲುವೆ ಬಂತು, ಹೊಲಗಳಿಗೆ ನೀರು ಬಂತು, ಜೋಳ ಇದ್ದಲ್ಲಿ ಭತ್ತ ಬಂತು, ಅಳೆಯುವವರು ಬೇರೆ ಊರಿಗೆ ಅಳೆಯಲು ಹೋದರು. ಮೋಟಾರುಗಳು ಮಾತ್ರ ಮದುವೆ ಮುಗಿದ ಮೇಲೆ ಉಳಿದ ದೂರದ ನೆಂಟರ ಹಾಗೆ ಇಲ್ಲೇ ಉಳಿದವು. ಸುರಪುರದಿಂದ ಆಚೆ, ಹೊಳೆಯ ನಡುವಿನ ಗಡ್ಡೆಯಲ್ಲಿ ಒಂದು ಊರಿದೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು, ಮಳೆ ಶುರುವಾದರೆ ದೋಣಿ ಬೇಕು. ಮೇಲೆ ಅಣೆಕಟ್ಟಿನ ಗೇಟು ತೆರೆದರೆ ಬಂಡೆಗಳೆಲ್ಲ ಮುಳುಗಿ ಊರು ಒಂಟಿಯಾಗುತ್ತದೆ. ಆ ಜನ ಬಂದು ಬೇಡಿಕೊಂಡ ಮೇಲೆ ಆಗಿನ ಸಾಹೇಬರೊಬ್ಬರು ದೋಣಿಯನ್ನೂ ಎರಡು ಮೋಟಾರುಗಳನ್ನೂ ಆ ದಂಡೆಯಲ್ಲೇ ಇಡಿಸಿ, ಹಣಮಂತನೆಂಬುವನನ್ನು ಡ್ರೈವರ್ ಮಾಡಿದರು. ಎರಡು ಏಕೆಂದರೆ, ಒಂದು ಹತ್ತದ ದಿನ ಇನ್ನೊಂದು ಹತ್ತುತ್ತಿತ್ತು. ಇತ್ತೀಚೆಗೆ ಎರಡೂ ಒಂದೇ ದಿನ ಮುನಿಸಿಕೊಳ್ಳುವುದನ್ನು ಕಲಿತಿದ್ದವು.

ಹಳೆಯ ಮೋಟಾರು ಹತ್ತದಿದ್ದರೆ ಮೊದಲು ನೋಡಬೇಕಾದದ್ದು ಪ್ಲಗ್ಗಿನಲ್ಲಿ ಕಿಡಿ ಬರುತ್ತದೆಯೋ ಇಲ್ಲವೋ ಎಂದು. ಬಂದರೆ ಎಷ್ಟು ಜೋರಾಗಿ ಬರುತ್ತದೆ ಎಂದು. ಇದನ್ನು ಅಳೆಯಲು ಹಣಮಂತನ ಬಳಿ ಇದ್ದ ಉಪಕರಣ ಅವನ ಬಲಗೈ. ಪ್ಲಗ್ಗಿನ ವೈರನ್ನು ಕಿತ್ತು, ಬೆರಳಿಗೆ ಉಗುಳು ಹಚ್ಚಿ, ವೈರಿನ ತುದಿ ಹಿಡಿದುಕೊಂಡು ಎಡಗೈಯಿಂದ ಹಗ್ಗ ಎಳೆಯುತ್ತಿದ್ದ. ಮೈ ಒಮ್ಮೆ ಝುಮ್ಮೆನ್ನುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ವಿಚಾರ ಮಾಡಿ ಹೇಳುತ್ತಿದ್ದ, "ಮಣಿಕಟ್ಟಿಗಿ ನಿಂತ್ರ ಒಳಗಿನ ಪಾಯಿಂಟ್ ಉಜ್ಜಿ ಸ್ವಚ್ಛ ಮಾಡಬೇಕ್ರಿ. ಮೊಣಕೈಗಿ ಬಂದ್ರ ಮೋಟರ್ ಹತ್ತತದ. ಭುಜಕ್ಕ ಬಂತಂದ್ರ ಹೊಸಾ ಮೋಟರ್ ಇದ್ದಂಗ." ಇದರಲ್ಲಿ ಒಂದೇ ತೊಡಕು. ಸೋಮವಾರ ಉಪವಾಸವಿದ್ದಾಗ ಅವನಿಗೆ ಭುಜದ ತನಕ ಬರುತ್ತಿತ್ತು, ರೊಟ್ಟಿ ಉಂಡ ಮೇಲೆ ಮೊಣಕೈಗೇ ನಿಲ್ಲುತ್ತಿತ್ತು. ಹೀಗಾಗಿ ಶ್ರಾವಣದಲ್ಲಿ ನಮ್ಮ ಮೋಟಾರುಗಳು ಬಹಳ ಚೆನ್ನಾಗಿರುತ್ತಿದ್ದವು. ಒಮ್ಮೆ ನನಗೂ ಹಿಡಿದು ನೋಡಲು ಹೇಳಿದ. ನನಗೆ ಮಣಿಕಟ್ಟು, ಮೊಣಕೈ, ಭುಜ ಯಾವುದೂ ಗೊತ್ತಾಗಲಿಲ್ಲ. ನೇರವಾಗಿ ತಲೆಗೇ ಬಂತು. ಸ್ವಲ್ಪ ಹೊತ್ತು ದಂಡೆಯ ಮರಳಿನಲ್ಲಿ ಕೂತು ಎದ್ದು ಬಂದೆ.

ಈ ವ್ಯವಸ್ಥೆ ಹೇಗೋ ನಡೆಯುತ್ತಿದ್ದಾಗ ಮೈಸೂರು ಕಡೆಯಿಂದ ಹೊಸ ಇಂಜಿನಿಯರ್ ಸಾಹೇಬರು ಬಂದರು. ಮೆಲ್ಲಗೆ ಮಾತಾಡುವವರು. ನಮ್ಮ ಕಡೆಯ ಮಾತು ಅವರಿಗೆ ಮೊದಮೊದಲು ಜಗಳದ ಹಾಗೆ ಕೇಳಿಸುತ್ತಿತ್ತಂತೆ. ಹಳೆಯ ಸಾಮಾನುಗಳನ್ನೆಲ್ಲ ನೋಡಿ, ಕೆಲಸಕ್ಕೆ ಬಾರದ್ದನ್ನು ರದ್ದಿಗೆ ಹಾಕಿ ಹರಾಜು ಮಾಡಬೇಕೆಂದು ಅವರಿಗೆ ಮೇಲಿನಿಂದ ಹೇಳಿದ್ದರು. ಮೋಟಾರುಗಳ ಸರದಿ ಬಂದಾಗ ಹಣಮಂತನನ್ನು ಕರೆಸಿ ಕೇಳಿದರು. ಹಣಮಂತ ಅಂಗಿಯ ತೋಳು ಮೇಲಕ್ಕೆ ಸರಿಸಿ, ಎರಡರ ಕಿಡಿಯೂ ಮೊಣಕೈ ತನಕ ಬರುತ್ತದೆ ಎಂದು ಗೆರೆ ಎಳೆದು ತೋರಿಸಿದ. ಸಾಹೇಬರು ಆ ತೋಳನ್ನು ಬಹಳ ಹೊತ್ತು ನೋಡಿದರು. ಅವನು ಹೋದ ಮೇಲೆ ನನಗೆ ಹೇಳಿದರು, "ಶರಣಪ್ಪನವರೇ, ಮೊಣಕೈ ತನಕ ಬರುತ್ತೆ ಅಂತ ನಾನು ಮೇಲಿನವರಿಗೆ ಬರೆಯೋಕಾಗುತ್ತಾ? ಒಂದು ಸರಿಯಾದ ಉಪಕರಣ ತನ್ನಿ. ಕಿಡಿ ಇದೆ ಅಂತ ಅದು ಹೇಳಿದರೆ ಮೋಟಾರು ಇಟ್ಟುಕೊಳ್ಳೋಣ. ಇಲ್ಲ ಅಂದರೆ ಎರಡನ್ನೂ ರದ್ದಿಗೆ ಹಾಕೋಣ. ಗೇಟು ತೆಗೆಯೋದರೊಳಗೆ ಇದು ಮುಗೀಬೇಕು."

"ಆರಿಸೋದು ಯಾರ್ರಿ?" ಎಂದು ಕೇಳಿದೆ.

"ನೀವೇ. ಸಾಮಾನಿನ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಇದು ಗಡ್ಡೆಗೆ ಹೇಗೆ ಮುಟ್ಟಿತೋ ತಿಳಿಯದು. ಮರುದಿನವೇ ಸ್ಟೋರಿನ ಬಾಗಿಲಲ್ಲಿ ಬಸಲಿಂಗಮ್ಮ ಬಂದು ಕೂತಿದ್ದಳು. ಗಡ್ಡೆಯವಳು, ಹೊಳೆ ದಾಟಿ ಬಂದು ಸುರಪುರದಲ್ಲಿ ಹಾಲು ಹಾಕುವವಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಯಪ್ಪಾ, ನಮ್ಮ ಮೋಟರ್ ಗುಜರಿಗಿ ಹಾಕ್ತಾರಂತ ಖರೇನು?" ಎಂದಳು.

"ಇನ್ನಾ ಹಾಕಿಲ್ಲವ್ವ. ಪರೀಕ್ಷಾ ಮಾಡಬೇಕಂತ ಹೇಳ್ಯಾರ."

"ನಮ್ಮ ಕಾಶಮ್ಮ ಚೊಚ್ಚಲ ಬಾಣಂತನಕ್ಕ ತವರಿಗಿ ಬಂದಾಳ. ಶ್ರಾವಣದಾಗ ದಿನಾ ತುಂಬತಾವ. ಹೊಳಿ ತುಂಬಿದ್ದ ಹೊತ್ತಿನಾಗ ಬ್ಯಾನಿ ಸುರು ಆತಂದ್ರ ಹರಗೋಲಿನಾಗ ಒಯ್ಯಲೇನು? ಹೋದ ಸಲ ಮೋಟರ್ ಹತ್ತದೇ ಇದ್ದಾಗ ಹರಗೋಲು ತಿರಗ್ಯಾಡಿ ಎಲ್ಲೋ ಹೋಗಿ ದಂಡಿಗಿ ಹತ್ತಿತ್ತು. ನನಗೇನೂ ಆಗಲಿಲ್ಲ, ಎಮ್ಮಿ ಹಾಲು ಬೆಣ್ಣಿ ಆಗಿತ್ತು. ಅಕಿನ್ನ ಹಂಗ ಒಯ್ಯಾಕ ಬರಂಗಿಲ್ಲ." ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು, "ಪರೀಕ್ಷಾದ ಮಷೀನ್ ನೀವೇ ಆರಿಸೋರಂತ?"

ಹೌದೆಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬದನೆಕಾಯಿಯ ಮುದುಕಿಗೂ ಇವಳಿಗೂ ಪರಿಚಯವಿರಬಹುದೇ ಎಂದು ನನಗೆ ಅನುಮಾನವಾಯಿತು.

ಯಾದಗಿರಿಯ ಸ್ಟೇಷನ್ ರಸ್ತೆಯ ಹಿಂದೆ ಖಾದರ್ ಸಾಹೇಬರ ಗುಜರಿ ಅಂಗಡಿಯಿದೆ. ಹೈದರಾಬಾದಿನಿಂದ ಬರುವ ಹಳೆಯ ಮಷೀನುಗಳು ಅಲ್ಲಿ ಬಂದು ಬೀಳುತ್ತವೆ. ನಾನು ಮೊದಲು ಪೇಟೆಯಲ್ಲಿ ಹೊಸ ಉಪಕರಣಗಳನ್ನೇ ಕೇಳಿದ್ದೆ. ಅವೆಲ್ಲ ಈಗಿನ ಮೋಟಾರ್ ಸೈಕಲ್ಲುಗಳಿಗೆ ಮಾಡಿದವು. ನಮ್ಮ ಮೋಟಾರಿನ ಹೆಸರು ಹೇಳಿದರೆ ಅಂಗಡಿಯವರು ನಗುತ್ತಿದ್ದರು. ಖಾದರ್ ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, "ಹೊಸಾ ಮಷೀನ್ ಹೊಸಾ ಗಾಡಿಗಿ ಸಾಬ್. ನಿಮ್ಮ ಮೋಟರ್ ಮುದುಕ. ಮುದುಕನ ನಾಡಿ ಮುದುಕ ಹಕೀಮನೇ ನೋಡಬೇಕು" ಎಂದು ಒಳಗಿನಿಂದ ಮೂರು ಹಳೆಯ ಸಾಮಾನು ತಂದು ಗೋಣಿತಟ್ಟಿನ ಮೇಲೆ ಇಟ್ಟರು. ಒಂದೇ ತಂದಿದ್ದರೆ ಎಷ್ಟು ಚೆನ್ನಾಗಿತ್ತು.

ಮೊದಲನೆಯದು ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ. ಮೇಲೆ ಗಡಿಯಾರದಂಥ ಮೀಟರು, ಅದರಲ್ಲೊಂದು ಮುಳ್ಳು. ಒಳಗೆ ಬ್ಯಾಟರಿ ಹಾಕಬೇಕು. ಮೋಟಾರಿನಲ್ಲಿ ಕಿಡಿ ಹುಟ್ಟಿಸುವ ಕಾಯಿಲು ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಮುಳ್ಳು ತೋರಿಸುತ್ತದೆಯಂತೆ. ನೋಡಲು ಬಹಳ ಗೌರವಸ್ಥನ ಹಾಗಿತ್ತು, ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಇಟ್ಟರೆ ಒಪ್ಪುತ್ತಿತ್ತು. ನಾನು ನೋಡುತ್ತಿರುವಾಗಲೇ ಮುಳ್ಳು ತಾನಾಗಿ ಎದ್ದು ಅರ್ಧ ದಾರಿ ಬಂದು ನಿಂತಿತು. ಇನ್ನೂ ಯಾವ ವೈರನ್ನೂ ಹಚ್ಚಿರಲಿಲ್ಲ.

"ಇದ್ಯಾಕ್ರಿ ಎದ್ದಿತು?"

"ರಸ್ತಾದಾಗ ಲಾರಿ ಹೋತು ಸಾಬ್. ಲಾರಿ ಹೋಗೂತನಾ ಜರಾ ತಡದ್ರ ಬರೋಬರಿ ತೋರಸ್ತದ."

ಎರಡನೆಯದು ಪೆನ್ನಿನ ಹಾಗಿತ್ತು. ಪ್ಲಗ್ಗಿನ ವೈರಿಗೆ ತಾಗಿಸಿದರೆ ಒಳಗಿನ ಗಾಜಿನ ಕೊಳವೆ ಕೆಂಪಗೆ ಮಿನುಗುತ್ತದೆ. ಕಿಸೆಯಲ್ಲಿ ಇಟ್ಟುಕೊಳ್ಳಬಹುದು. ಪರೀಕ್ಷೆಗೆಂದು ಖಾದರ್ ಸಾಹೇಬರು ತಮ್ಮ ಸ್ಕೂಟರನ್ನು ತಂದು ಕಿಕ್ ಹೊಡೆದರು. ಯಾದಗಿರಿಯ ಬಿಸಿಲಿನಲ್ಲಿ ಅದು ಮಿನುಗಿತೋ ಇಲ್ಲವೋ ಕಾಣಲಿಲ್ಲ. ಕೊನೆಗೆ ನನ್ನ ಟವೆಲನ್ನು ನಾವಿಬ್ಬರೂ ತಲೆಯ ಮೇಲೆ ಹೊದ್ದು, ಸ್ಕೂಟರಿನ ಮಗ್ಗುಲಿಗೆ ಬಗ್ಗಿ ನೋಡಿದೆವು. ಕಂಡಿತು. ಟವೆಲು ತೆಗೆದಾಗ ಎದುರಿನ ಚಹಾದ ಅಂಗಡಿಯವರೆಲ್ಲ ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದರು. ಇಂಜಿನಿಯರ್ ಸಾಹೇಬರನ್ನೂ ಬಸಲಿಂಗಮ್ಮನನ್ನೂ ಒಂದೇ ಟವೆಲಿನಲ್ಲಿ ಕೂರಿಸುವುದನ್ನು ನೆನೆಸಿಕೊಂಡು ಆ ಪೆನ್ನನ್ನು ಕೆಳಗಿಟ್ಟೆ.

ಮೂರನೆಯದು ಮರದ ಪೆಟ್ಟಿಗೆ. ಮುಂದೆ ಗಾಜಿನ ಕಿಟಕಿ, ಒಳಗೆ ಎದುರುಬದುರು ನಿಂತ ಎರಡು ಹಿತ್ತಾಳೆಯ ಮೊನೆಗಳು. ಮಗ್ಗುಲಲ್ಲಿರುವ ಗುಂಡಿ ತಿರುಗಿಸಿದರೆ ಮೊನೆಗಳ ನಡುವಿನ ಅಂತರ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಮೇಲೆ ಬಿಳಿ ಪಿಂಗಾಣಿಯ ಹಲಗೆ, ಅದರ ಎರಡು ತುದಿಗೆ ವೈರು ಕಟ್ಟುವ ತಿರುಪುಗಳು. ಬ್ಯಾಟರಿಯಿಲ್ಲ, ಮುಳ್ಳಿಲ್ಲ. ಒಂದು ವೈರು ಪ್ಲಗ್ಗಿನ ವೈರಿಗೆ, ಇನ್ನೊಂದು ಮೋಟಾರಿನ ಮೈಗೆ. ಹಗ್ಗ ಎಳೆದರೆ ಕಿಟಕಿಯೊಳಗೆ ಕಿಡಿ ಹಾರುತ್ತದೆ. ದೂರಕ್ಕೆ ಹಾರಿದರೆ ಜೋರಾದ ಕಿಡಿ, ಹತ್ತಿರದಲ್ಲಷ್ಟೇ ಹಾರಿದರೆ ಸೊರಗಿದ್ದು, ಹಾರದಿದ್ದರೆ ಇಲ್ಲ. ಸ್ಕೂಟರಿಗೆ ಹಚ್ಚಿ ನೋಡಿದೆವು. ನೀಲಿ ಕಿಡಿ ಚಟ್ ಎಂದು ಹಾರಿತು, ಬಿಸಿಲಿನಲ್ಲೂ ಕಂಡಿತು.

ಆದರೂ ನಾನು ಮೊದಲನೆಯದನ್ನು ಮತ್ತೆ ಎತ್ತಿಕೊಂಡೆ. ಎರಡನೆಯದನ್ನು ತಿರುಗಿಸಿ ನೋಡಿದೆ. ಮೂರನೆಯದರ ಮೂಲೆಯಲ್ಲಿ ಗೆದ್ದಲು ಹಿಡಿದಿದೆಯೇ ಎಂದು ಉಗುರಿನಿಂದ ಕೆರೆದೆ. ಶಹಾಪುರದ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ಖಾದರ್ ಸಾಹೇಬರು ನಮಾಜು ಮುಗಿಸಿ ಬಂದು, "ಇನ್ನಾ ಇದ್ದೀರೇನ್ರಿ?" ಎಂದರು. ಕೊನೆಗೆ ನನ್ನನ್ನು ಒಪ್ಪಿಸಿದ್ದು ಒಂದೇ ವಿಚಾರ. ಮುಳ್ಳು ಹೇಳಿದ್ದನ್ನು ಇಂಜಿನಿಯರ್ ಸಾಹೇಬರು ಮಾತ್ರ ಓದಬಲ್ಲರು, ಕೈ ಹೇಳಿದ್ದು ಹಣಮಂತನಿಗೆ ಮಾತ್ರ ಗೊತ್ತಾಗುತ್ತದೆ. ಆದರೆ ಕಿಟಕಿಯೊಳಗಿನ ಕಿಡಿಯನ್ನು ಸಾಹೇಬರೂ ನೋಡಬಹುದು, ಹಣಮಂತನೂ ನೋಡಬಹುದು, ಬಸಲಿಂಗಮ್ಮನೂ ನೋಡಬಹುದು. ಎಲ್ಲರಿಗೂ ಕಾಣುವಂಥದ್ದನ್ನು ಆರಿಸಿದರೆ ಆರಿಸಿದವನ ಮೇಲೆ ಮಾತು ಬರುವುದಿಲ್ಲ. ಮರದ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದೆ.

ಶಹಾಪುರ ಮುಟ್ಟುವ ಹೊತ್ತಿಗೆ ಆಫೀಸು ಮುಚ್ಚಿತ್ತು. ಪೆಟ್ಟಿಗೆಯನ್ನು ಮನೆಗೇ ಒಯ್ದೆ. ನೀಲಮ್ಮ ಹೊಸ್ತಿಲಲ್ಲೇ ತಡೆದಳು. "ಯಾರ ಮನೀದೋ, ಯಾರ ಕೈಯಾಗ ಇತ್ತೋ. ಹಂಗೇ ಒಳಗ ತರಬ್ಯಾಡ್ರಿ." ಅವಳು ಹೇಳುವುದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಪಂಪ್ ಸೆಟ್ಟಾಗಲಿ, ಹೊಲಿಗೆ ಮಷೀನಾಗಲಿ, ಹಿಟ್ಟಿನ ಗಿರಣಿಯಾಗಲಿ, ಮನೆಯೊಳಗೆ ಬರುವ ಮುನ್ನ ವಿಭೂತಿ ಹಚ್ಚಿಸಿಕೊಂಡೇ ಬರಬೇಕು. ಹಳೆಯ ಸಾಮಾನಾದರೆ ಇನ್ನೂ ಅಗತ್ಯ. ಅವಳು ದೀಪ ಬೆಳಗಿ, ಊದುಬತ್ತಿ ಹಚ್ಚಿ, ನೆನೆಸಿದ ವಿಭೂತಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ನೀವೇ ಹಚ್ರಿ. ಮಷೀನಿಗಿ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು ಅನ್ನೋದು ನಿಮಗ ಗೊತ್ತಿರತದ" ಎಂದಳು.

ಗೊತ್ತಿದೆ ಎಂದೇ ನಾನೂ ತಿಳಿದೆ. ಗಾಜಿನ ಮೇಲೆ ಹಚ್ಚಬಾರದು, ಕಿಡಿ ಕಾಣಬೇಕು. ಹಿತ್ತಾಳೆಗೆ ಹಚ್ಚಬಾರದು, ಕಲೆ ಬೀಳುತ್ತದೆ. ಮರಕ್ಕೆ ಹಚ್ಚಬಾರದು, ಹೀರಿಕೊಳ್ಳುತ್ತದೆ. ಉಳಿದದ್ದು ಮೇಲಿನ ಪಿಂಗಾಣಿ. ಕೆಳಗೆ ಕಿಟಕಿ, ಎರಡು ಕಡೆ ಕಿವಿಗಳ ಹಾಗೆ ತಿರುಪುಗಳು, ನಡುವೆ ಅಗಲವಾದ ಬಿಳಿ ಹಲಗೆ. ಅದು ಹಣೆಯಲ್ಲದೆ ಇನ್ನೇನು? ಮೂರು ಬೆರಳು ಅದ್ದಿ, ಈ ತಿರುಪಿನಿಂದ ಆ ತಿರುಪಿನವರೆಗೆ ಕೈತುಂಬ ಎಳೆದೆ. ಸ್ವಲ್ಪ ಆರಿದ ಮೇಲೆ ಬಿಳುಪಿನ ಮೇಲೆ ಬಿಳುಪು, ಹಚ್ಚಿದ್ದೇ ಕಾಣಲಿಲ್ಲ. ಕಾಣದಿದ್ದರೂ ಇದೆಯಲ್ಲ ಎಂದು ಸಮಾಧಾನವಾಯಿತು.

ಮರುದಿನ ಬೆಳಗ್ಗೆ ಜೀಪಿನಲ್ಲಿ ಸಾಹೇಬರೂ ನಾನೂ ಹೊಳೆಗೆ ಹೋದೆವು. ಆಷಾಢದ ಗಾಳಿ, ಜಿಟಿಜಿಟಿ ಹನಿ, ಮೈಯೆಲ್ಲ ತೇವ. ದಂಡೆಯಲ್ಲಿ ಹಣಮಂತ ಎರಡೂ ಮೋಟಾರುಗಳನ್ನು ತೊಳೆದು, ಮದುಮಕ್ಕಳ ಹಾಗೆ ಹಲಗೆಗೆ ಸಿಕ್ಕಿಸಿ ನಿಲ್ಲಿಸಿದ್ದ. ಬಸಲಿಂಗಮ್ಮ ಖಾಲಿ ಹಾಲಿನ ಕ್ಯಾನಿನ ಮೇಲೆ ಕೂತಿದ್ದಳು. ನಾನು ಪೆಟ್ಟಿಗೆ ಇಟ್ಟು, ವೈರು ಕಟ್ಟಿ, ಎಲ್ಲರೂ ಕಿಟಕಿಯನ್ನೇ ನೋಡಬೇಕೆಂದು ಹೇಳಿದೆ. ಹಣಮಂತ ಹಗ್ಗ ಎಳೆದ. ಕಿಟಕಿ ಕತ್ತಲಾಗಿತ್ತು. ಗುಂಡಿ ತಿರುಗಿಸಿ ಮೊನೆಗಳನ್ನು ಹತ್ತಿರ ತಂದೆ. ಮತ್ತೆ ಎಳೆದ. ಏನೂ ಇಲ್ಲ. ಮೊನೆಗೆ ಮೊನೆ ಮುತ್ತಿಡುವಷ್ಟು ಹತ್ತಿರ ತಂದೆ. ಏನೂ ಇಲ್ಲ. ಎರಡನೆಯ ಮೋಟಾರಿಗೆ ಕಟ್ಟಿದೆ. ಅದರಲ್ಲೂ ಇಲ್ಲ. ಹಣಮಂತ ಹಗ್ಗವನ್ನು ಕೈಯಲ್ಲೇ ಹಿಡಿದು ನಿಂತ. ಸಾಹೇಬರು ರದ್ದಿಯೆಂದು ಬರೆಯಲು ಕಿಸೆಯಿಂದ ಪೆನ್ನು ತೆಗೆದರು.

"ನಿನ್ನಿ ಸಂಜೀಕ ನಾ ಇದರಾಗೇ ಹೊಳಿ ದಾಟೀನಿ, ಮುಂಜಾನಿ ಇದರಾಗೇ ತಿರುಗಿ ಬಂದೀನಿ" ಎಂದಳು ಬಸಲಿಂಗಮ್ಮ.

ನಾನು ಆರಿಸಿ ತಂದ ಉಪಕರಣದ ಮರ್ಯಾದೆ ಕಾಯಬೇಕಾಗಿತ್ತು. "ಇದರಾಗ ಕಿಡಿನೇ ಇಲ್ಲವ್ವ. ಪೆಟಗಿ ಪ್ರಕಾರ ನೀ ದಾಟಿಲ್ಲ" ಎಂದೆ.

"ಹಂಗಾರ ರಾತ್ರಿ ನಮ್ಮ ಮನ್ಯಾಗ ಮಲಗಿದಾಕಿ ಯಾರು?"

ಹಣಮಂತನಾದರೂ ಮೋಟಾರಿನ ಪರ ಮಾತಾಡುತ್ತಾನೆಂದು ಅವಳು ಅವನ ಕಡೆ ನೋಡಿದಳು. ಅವನು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದ. "ಪೆಟಗಿ ಯಾಕ ಸುಳ್ಳ ಹೇಳ್ತದ ಯಕ್ಕಾ. ಇಷ್ಟ ದಿನಾ ನನ್ನ ಕೈನೇ ಸುಳ್ಳ ಹೇಳ್ಯಾದ ಕಾಣತದ" ಎಂದ. ನಾನು ಪೆಟ್ಟಿಗೆಯ ತಿರುಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ.

ಅಷ್ಟರಲ್ಲಿ ಗಡ್ಡೆಯ ಶಾಲೆಯ ಮೇಷ್ಟ್ರು ಸುರಪುರದಿಂದ ಮೊಪೆಡ್ಡಿನ ಮೇಲೆ ಬಂದಿಳಿದರು. ದಿನವೂ ಮೊಪೆಡ್ಡನ್ನು ದಂಡೆಯಲ್ಲಿ ಬಿಟ್ಟು ದೋಣಿ ಹತ್ತುವವರು ಅವರು. ಸಾಹೇಬರಿಗೆ ಏನನ್ನಿಸಿತೋ, "ಒಮ್ಮೆ ಇದಕ್ಕೂ ಹಚ್ಚಿ ನೋಡಿ" ಎಂದರು. ಎಂಜಿನ್ನು ಇನ್ನೂ ಬಿಸಿಯಿತ್ತು. ಹಚ್ಚಿ ನೋಡಿದೆವು. ಕಿಟಕಿ ಕತ್ತಲು.

"ಸರ್, ನಿಮ್ಮ ಗಾಡಿಯಾಗೂ ಕಿಡಿ ಇಲ್ರಿ" ಎಂದು ಹಣಮಂತ ಗಂಭೀರವಾಗಿ ತಿಳಿಸಿದ.

"ಹಂಗಾರ ನಾ ಸುರಪುರದಿಂದ ತುಳಕೋತ ಬಂದೀನೇನಪಾ?" ಎಂದರು ಮೇಷ್ಟ್ರು.

ಎಲ್ಲರೂ ಪೆಟ್ಟಿಗೆಯ ಸುತ್ತ ಬಗ್ಗಿದೆವು. ಬಸಲಿಂಗಮ್ಮ ಬಹಳ ಹೊತ್ತು ಪಿಂಗಾಣಿಯ ಮೇಲೆ ಕಣ್ಣಿಟ್ಟಿದ್ದಳು. ಹನಿ ಬಿದ್ದು ನೆನೆದಲ್ಲಿ ಮೂರು ಗೆರೆಗಳು ನಸುಬೂದಿಯಾಗಿ ಮೂಡಿದ್ದವು. ಅವಳು ತಲೆಯೆತ್ತಿ ನನ್ನ ಹಣೆ ನೋಡಿದಳು. ಮತ್ತೆ ಪೆಟ್ಟಿಗೆ ನೋಡಿದಳು. "ನೀವಿಬ್ರೂ ಒಂದೇ ಮಠದವರೇನ್ರಿ?" ಎಂದಳು.

ಸಾಹೇಬರು ಬೆರಳಿನಿಂದ ಒಂದು ಗೆರೆಯನ್ನು ಮುಟ್ಟಿ, ಮೂಸಿ ನೋಡಿದರು. ಹಸಿ ಬೂದಿಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆಯಂತೆ. ಕೆಳಗಿನ ಮೊನೆಗಳ ನಡುವೆ ಕಷ್ಟಪಟ್ಟು ಹಾರುವ ಬದಲು, ನಾನು ಎಳೆದುಕೊಟ್ಟ ಮೂರು ಸಾಲಿನ ರಸ್ತೆಯಲ್ಲಿ ಅದು ನಿಶ್ಶಬ್ದವಾಗಿ ಆಚೆ ದಾಟಿ ಹೋಗುತ್ತಿತ್ತು. ಇದನ್ನು ಅವರು ಬಯ್ಯದೆ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ನಾನು ಟವೆಲಿನಿಂದ ಪಿಂಗಾಣಿಯನ್ನು ಒರೆಸಿ, ಜೀಪಿನ ಬಿಸಿ ಬಾನೆಟ್ಟಿನ ಮೇಲೆ ಪೆಟ್ಟಿಗೆಯನ್ನಿಟ್ಟು ಒಣಗಿಸಿ ತಂದೆ. ಹಣಮಂತ ಹಗ್ಗ ಎಳೆದ. ಮೊದಲನೆಯ ಮೋಟಾರಿನ ಕಿಡಿ ದೂರವಿಟ್ಟ ಮೊನೆಗಳ ನಡುವೆ ನೀಲಿಯಾಗಿ ಹಾರಿತು. ಎರಡನೆಯದು ಹತ್ತಿರದಲ್ಲಿ ಮಾತ್ರ, ಅದೂ ಬೇಸರದಿಂದ. ತನ್ನ ಕೈ ಎರಡಕ್ಕೂ ಮೊಣಕೈ ಎಂದು ಹೇಳಿತ್ತಲ್ಲ ಎಂದು ಹಣಮಂತ ಆ ಎರಡನೆಯದರ ವೈರು ಹಿಡಿದು ನೋಡಲು ಹೊರಟ. ಸಾಹೇಬರು ತಡೆದರು.

ಆದರೆ ಪೆನ್ನನ್ನು ಅವರು ಇನ್ನೂ ಮುಚ್ಚಿರಲಿಲ್ಲ. "ಸ್ವಲ್ಪ ಹೊತ್ತಿನ ಮುಂಚೆ ಒಂದು ಹೇಳಿ ಈಗ ಇನ್ನೊಂದು ಹೇಳೋ ಪೆಟ್ಟಿಗೆಯನ್ನ ನಂಬಿ ನಾನು ಹೇಗೆ ಬರೀಲಿ? ಶರಣಪ್ಪನವರೇ, ಈ ಒಳ್ಳೆ ಮೋಟಾರಿನಲ್ಲಿ ನೀವೇ ಗಡ್ಡೆಗೆ ಹೋಗಿ ಬನ್ನಿ. ಮೋಟಾರಿನ ಮೇಲೆ ಬಂದರೆ ಇಟ್ಟುಕೊಳ್ಳೋಣ. ಹುಟ್ಟು ಹಾಕಿಕೊಂಡು ಬಂದರೆ ರದ್ದಿ."

ನನಗೆ ಈಜು ಬರುವುದಿಲ್ಲ. ಇಷ್ಟು ವರ್ಷ ಆ ಮೋಟಾರಿಗೆ ಎಣ್ಣೆ, ಎಂದರೆ ಪೆಟ್ರೋಲು, ಕೊಟ್ಟಿದ್ದೇನೆ, ಆ ದೋಣಿಯನ್ನು ಒಮ್ಮೆಯೂ ಹತ್ತಿರಲಿಲ್ಲ. ಹತ್ತುವ ಮೊದಲು ಮಾಡಬೇಕಾದ ಕೆಲಸ ಮಾತ್ರ ಮರೆಯಲಿಲ್ಲ. ಸ್ಟೋರಿನಲ್ಲಿ ನಾನೇ ಮಾಡಿಕೊಂಡ ಒಂದು ನಿಯಮವಿದೆ. ಪರೀಕ್ಷೆಗೆಂದು ಪಂಪು ಹೋಗಲಿ, ಜನರೇಟರು ಹೋಗಲಿ, ಅರ್ಧ ಅಳತೆ ಎಣ್ಣೆ. ಕೆಲಸಕ್ಕೆ ಹೋದರೆ ಪೂರ್ತಿ ಅಳತೆ. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯದನ್ನು ಬೇರೆ ಡಬ್ಬಿಗೆ ಸುರಿದು, ಜೀಪಿನಲ್ಲಿ ತಂದಿದ್ದ ಡಬ್ಬಿಯಿಂದ ಅರ್ಧ ಅಳತೆಯನ್ನು ಒಂದು ಹನಿ ಚೆಲ್ಲದೆ ಹಾಕಿದೆ. ಬಸಲಿಂಗಮ್ಮನೂ ಮೇಷ್ಟ್ರೂ ಹತ್ತಿದರು. ಹಣಮಂತ ಹಗ್ಗ ಎಳೆದ. ಮೋಟಾರು ಕೆಮ್ಮಿತು, ಹೊಗೆ ಬಿಟ್ಟಿತು, ಹತ್ತಿತು. ನಾನು ಎರಡೂ ಕೈಯಲ್ಲಿ ಹಲಗೆ ಹಿಡಿದು, ನೀರನ್ನು ನೋಡದೆ ಬಸಲಿಂಗಮ್ಮನ ಕ್ಯಾನನ್ನೇ ನೋಡುತ್ತ ಕೂತೆ.

ಗಡ್ಡೆಯ ದಂಡೆಯಲ್ಲಿ ಅವಳ ಮಗಳು ಕಾಶಮ್ಮ ನಿಂತಿದ್ದಳು. ತುಂಬಿದ ಬಸುರಿ, ಒಂದು ಕೈ ಸೊಂಟದ ಮೇಲೆ. ಅವಳು ತಾಯಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಮೋಟಾರನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಯಣ್ಣಾ, ಹೊಳಿ ತುಂಬಿದಾಗೂ ಬರತದೇನ್ರಿ ಇದು?"

"ಬರತದವ್ವ" ಎಂದೆ.

ತೊಟ್ಟು ಹಿಡಿದು ಎತ್ತಿ ನೋಡದೆ, ಕೆಳಗಿಟ್ಟು ಮತ್ತೆ ಎತ್ತಿಕೊಳ್ಳದೆ ನಾನು ಆಡಿದ ಮಾತು ಅದು. ಆಡಿದ ಮೇಲೆ ಅದರ ಭಾರ ತಿಳಿಯಿತು. ದೋಣಿಗೆ ಮರಳಿ ಬಂದು ಕೂತಾಗ ಹಲಗೆ ಹಿಡಿದುಕೊಳ್ಳಲು ಮರೆತಿದ್ದೆ.

ಬರುವಾಗ ಹಣಮಂತ, ನಾನು ಇಬ್ಬರೇ. ಹೊಳೆಯ ನಡುವೆ ಬಂದ ಮೇಲೆ ಮೋಟಾರು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ನಿಂತಿತು. ನೀರಿನ ಸದ್ದು ಅಷ್ಟು ಹತ್ತಿರದಲ್ಲಿ ಇದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಹಣಮಂತ ಹಗ್ಗ ಎಳೆದ, ಮತ್ತೆ ಎಳೆದ. ವೈರು ಕಿತ್ತು ಕೈಯಲ್ಲಿ ಹಿಡಿದು ಎಳೆದು, "ಭುಜಕ್ಕ ಬರಾಕತ್ತದಲ್ರಿ" ಎಂದ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿದ. ನನ್ನನ್ನು ನೋಡಿದ. ಮತ್ತೆ ಒಳಗೆ ನೋಡಿದ.

"ಸ್ಟೋರ್ ಸಾಹೇಬ್ರ, ಎಣ್ಣಿ ಎಷ್ಟ್ ಹಾಕೀರಿ?"

"ಅರ್ಧಾ ಅಳತಿ. ಪರೀಕ್ಷಾಕ್ಕ ಅಷ್ಟೇ ಅಲ್ಲೇನು?"

"ಗಡ್ಡಿಗಿ ಹೋಗಾಕ ಅರ್ಧಾ ಬೇಕ್ರಿ. ಬರಾಕ ಇನ್ನರ್ಧಾ ಬೇಕ್ರಿ." ಬೈಗುಳವಿಲ್ಲದೆ, ಲೆಕ್ಕ ಹೇಳಿಕೊಡುವ ಮೇಷ್ಟ್ರ ಹಾಗೆ ಹೇಳಿದ. ಹಾಗೆ ಹೇಳಿ ಒಂದು ಹುಟ್ಟನ್ನು ತಾನು ತೆಗೆದುಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟ.

ಆಚೆ ದಂಡೆಯಲ್ಲಿ ಸಾಹೇಬರು ನಿಂತಿರುವುದು ಕಾಣುತ್ತಿತ್ತು. ಹುಟ್ಟು ಹಾಕಿಕೊಂಡು ಬಂದರೆ ರದ್ದಿ ಎಂದು ಅವರು ಹೇಳಿದ್ದರು. ನಾನು ಎದ್ದು ನಿಂತೆ. ಈಜು ಬಾರದವನು ದೋಣಿಯಲ್ಲಿ ಎದ್ದು ನಿಲ್ಲಬಾರದೆಂಬುದೂ ನೆನಪಾಗಲಿಲ್ಲ. "ಮೋಟರ್ ಚಲೋ ಅದರಿ, ಎಣ್ಣಿ ಕಮ್ಮಿ ಬಿದ್ದದ, ಕಮ್ಮಿ ಹಾಕಿದಾಂವ ನಾನೇ" ಎಂದು ಇದ್ದಷ್ಟು ದನಿಯಲ್ಲಿ ಕೂಗಿದೆ. ಗಾಳಿ ಎದುರಿಗಿತ್ತು. ಕೂಗಿದ್ದೆಲ್ಲ ಗಡ್ಡೆಯ ಕಡೆಗೇ ಹೋಯಿತು. ಹಣಮಂತ ನನ್ನ ಅಂಗಿ ಹಿಡಿದು ಕೂರಿಸಿದ. ನನ್ನ ಕಡೆಯ ಹುಟ್ಟು ಒಂದು ಬಗೆ, ಅವನ ಕಡೆಯದು ಒಂದು ಬಗೆಯಾಗಿ ದೋಣಿ ಎರಡು ಸಲ ಸುತ್ತು ತಿರುಗಿ, ಕೊನೆಗೆ ಹೊರಟ ಜಾಗಕ್ಕಿಂತ ಬಹಳ ಕೆಳಗೆ ದಂಡೆ ಮುಟ್ಟಿತು. ಸಾಹೇಬರು ಕೆಸರಿನಲ್ಲಿ ನಡೆದು ಅಲ್ಲಿಗೆ ಬಂದರು.

"ಕೊನೆಗೂ ನಿಂತು ಹೋಯ್ತಾ?"

ಹೇಳಬೇಕಾದ್ದನ್ನು ಮತ್ತೆ ಹೇಳಿದೆ. ಈ ಸಲ ಗಾಳಿಯ ನೆಪವಿರಲಿಲ್ಲ. ಅವರು ಟ್ಯಾಂಕಿನೊಳಗೆ ಇಣುಕಿ, ಜೀಪಿನಿಂದ ಡಬ್ಬಿ ತರಿಸಿ, ಅಳತೆಯಿಲ್ಲದೆ ತಾವೇ ಸುರಿದರು. ಆ ಸುರಿಯುವ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಹಣಮಂತ ಒಂದೇ ಎಳೆತಕ್ಕೆ ಹತ್ತಿಸಿದ. ದೋಣಿ ಗಡ್ಡೆ ಮುಟ್ಟಿ, ತಿರುಗಿ, ಮೋಟಾರಿನ ಮೇಲೆಯೇ ಬಂತು. ಒಳ್ಳೆಯದು ಹೊಳೆಯಲ್ಲಿರಲಿ, ಸೊರಗಿದ್ದು ಬಿಡಿಭಾಗಕ್ಕೆಂದು ಸ್ಟೋರಿನಲ್ಲಿರಲಿ ಎಂದು ಸಾಹೇಬರು ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಬರೆದರು. ಪೆನ್ನು ಮುಚ್ಚುತ್ತ, "ಈ ಪೆಟ್ಟಿಗೆ ಚೆನ್ನಾಗಿಯೇ ಆರಿಸಿದ್ದೀರಿ. ಅದು ನಿಮ್ಮನ್ನೊಬ್ಬರನ್ನು ಬಿಟ್ಟು ಬೇರೆಲ್ಲವನ್ನೂ ಪರೀಕ್ಷೆ ಮಾಡುತ್ತೆ" ಎಂದರು.

ಶ್ರಾವಣದಲ್ಲಿ ಗೇಟು ತೆರೆದರು, ಬಂಡೆಗಳು ಮುಳುಗಿದವು. ಒಂದು ಮುಂಜಾನೆ ಕಾಶಮ್ಮನನ್ನು ದೋಣಿಯಲ್ಲಿ ಮಲಗಿಸಿಕೊಂಡು ಹಣಮಂತ ಹೊಳೆ ದಾಟಿಸಿದ. ಸುರಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಅದೇ ಮೋಟಾರಿನಲ್ಲಿ ಮರಳಿ ಗಡ್ಡೆಗೆ ಹೋದರು. ಅಂದಿನಿಂದ ಹಣಮಂತ ಎಣ್ಣೆ ಒಯ್ಯಲು ಶಹಾಪುರಕ್ಕೆ ಬಂದಾಗಲೆಲ್ಲ, ಹಾಲು ಹಾಕಿ ಮುಗಿಸಿದ ಬಸಲಿಂಗಮ್ಮನೂ ಜೊತೆಗೆ ಬಸ್ಸು ಹತ್ತಿ ಬಂದುಬಿಡುತ್ತಾಳೆ. ಸ್ಟೋರಿನ ಬಾಗಿಲಲ್ಲಿ ನಿಂತು, ನಾನು ಸುರಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾಳೆ.

"ಇನ್ನೀಟು ಹಾಕ್ರಿ."

"ಅಳತಿ ತುಂಬೇದವ್ವ."

"ಡಬ್ಬಿ ತುಂಬಿಲ್ಲಲ್ಲ."

ನಾನು ಡಬ್ಬಿಯ ಕುತ್ತಿಗೆಯ ತನಕ ಹಾಕುತ್ತೇನೆ. ಅವಳು ಅತ್ತ ತಿರುಗಿದ ಮೇಲೆ, ಡಬ್ಬಿಯ ಮೈಮೇಲೆ ಚೆಲ್ಲಿದ ನಾಲ್ಕು ಹನಿಯನ್ನು ಬಟ್ಟೆಯಿಂದ ಒರೆಸಿ ಡಬ್ಬಿಯನ್ನು ಹಣಮಂತನಿಗೆ ಕೊಡುತ್ತೇನೆ. ಬಟ್ಟೆಯನ್ನು ಮಾತ್ರ, ಸರ್ಕಾರದ ಎಣ್ಣೆಯಲ್ಲವೇ, ಯಾರೂ ನೋಡದ ಹಾಗೆ ಸ್ಟೋರಿನ ದೊಡ್ಡ ಪೀಪಾಯಿಯೊಳಗೆ ಹಿಂಡಿಬಿಡುತ್ತೇನೆ.